ಮಾದರಿ ರೈಲು, ಸಂಜ್ಞೆ ಮತ್ತು ಮಗ್ಗ: ಘಟಪ್ರಭಾ–ಕೃಷ್ಣಾ ನಡುವಣ ನೆಲದ ಯಂತ್ರಜ್ಞಾನ ಕುರಿತ ಒಂದು ಚಾರಿತ್ರಿಕ ವಿವೇಚನೆ

ಜಾನಪದ ಅಧ್ಯಯನಕ್ಕೆ ‘ಮಾದರಿ’ ಎಂಬ ಪರಿಕಲ್ಪನೆ ಹೊಸದಲ್ಲ. ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯಂದು ಎರೆಮಣ್ಣಿನಿಂದ ಎತ್ತುಗಳನ್ನು ಮಾಡಿ ಪೂಜಿಸುವ ಪದ್ಧತಿ, ಮಕ್ಕಳು ಜೋಳದ ದಂಟಿನಿಂದ ಬಂಡಿ ಕಟ್ಟುವ ಆಟ, ಹರಕೆ ಹೊತ್ತವರು ದೇವರಿಗೆ ಒಪ್ಪಿಸುವ ಪುಟ್ಟ ತೊಟ್ಟಿಲು ಇವೆಲ್ಲವೂ ದೊಡ್ಡದನ್ನು ಕಿರಿದಾಗಿಸಿ ಕೈವಶ ಮಾಡಿಕೊಳ್ಳುವ ಮಾನವ ಪ್ರವೃತ್ತಿಯ ನಿದರ್ಶನಗಳಾಗಿವೆ. ಆದರೆ ಎಲ್ಲ ಮಾದರಿಗಳೂ ಒಂದೇ ಬಗೆಯವಲ್ಲ. ಅವುಗಳಲ್ಲಿ ಸ್ಥೂಲವಾಗಿ ಮೂರು ನೆಲೆಗಳನ್ನು ಗುರುತಿಸಬಹುದು. ಮೊದಲನೆಯದು ರೂಪದ ಮಾದರಿ. ಮಣ್ಣೆತ್ತು ಈ ವರ್ಗಕ್ಕೆ ಸೇರಿದುದು. ಎರಡನೆಯದು ಚಲನೆಯ ಮಾದರಿ; ಕೀಲಿ ತಿರುಗಿಸಿದರೆ ಓಡುವ ಆಟಿಕೆಯ ರೈಲು ಇದಕ್ಕೆ ಉದಾಹರಣೆ. ಮೂರನೆಯದು ನಡಾವಳಿಯ ಮಾದರಿ. ಮೂಲವಸ್ತು ಯಾವ ನಿಯಮಕ್ಕೆ ಒಳಪಟ್ಟು ನಡೆಯುತ್ತದೆಯೋ ಅದೇ ನಿಯಮಕ್ಕೆ ಮಾದರಿಯೂ ಒಳಪಡುವುದು ಇಲ್ಲಿನ ವಿಶೇಷ. ಸಂಜ್ಞೆಗಳನ್ನು ಅನುಸರಿಸಿ ತಾನಾಗಿ ನಿಲ್ಲುವ, ತಾನಾಗಿ ಹೊರಡುವ ಮಾದರಿ ರೈಲುಮಾರ್ಗವು ಈ ಮೂರನೆಯ ನೆಲೆಗೆ ಸೇರುತ್ತದೆ.

ಇಂತಹ ಮಾದರಿಯ ಹಿಂದಿರುವ ತಿಳಿವಳಿಕೆಯನ್ನು ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಪರಿಸರದ ಇತಿಹಾಸದ ಹಿನ್ನೆಲೆಯಲ್ಲಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ರೈಲು ಬಹುಕಾಲ ಬಾರದ ನೆಲವನ್ನು ರೈಲಿನ ಸಂಜ್ಞಾ ವ್ಯವಸ್ಥೆಯೊಡನೆ ಇಟ್ಟು ನೋಡುವುದು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಈ ವ್ಯವಸ್ಥೆಯ ತಿರುಳಾದ ತತ್ತ್ವವು ರೈಲಿಲ್ಲದ ಈ ನೆಲದಲ್ಲಿ ಬೇರೊಂದು ಯಂತ್ರದ ಮೂಲಕ ನಿತ್ಯದ ಅನುಭವವಾಗಿತ್ತು ಎಂಬುದು ಇಲ್ಲಿ ಮಂಡಿಸಬೇಕಾದ ಮುಖ್ಯ ವಿಚಾರ. ಆ ಯಂತ್ರ ನೇಕಾರನ ಮಗ್ಗ.

1. ಎರಡು ಹಳಿಗಳ ನಡುವಣ ನೆಲ

ಇಂದಿನ ಬಾಗಲಕೋಟೆ ಜಿಲ್ಲೆ 1997ರಲ್ಲಿ ರಚನೆಯಾಯಿತು. ಅದಕ್ಕೂ ಹಿಂದೆ ಈ ಭಾಗದ ಆಡಳಿತ ಹರಿದು ಹಂಚಿಹೋಗಿತ್ತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆ ಮನೆತನದವರು ಆಳುತ್ತಿದ್ದರು. ತೇರದಾಳವು ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿ, ಬಾಗಲಕೋಟೆಗಳು ಬ್ರಿಟಿಷರ ನೇರ ಆಡಳಿತಕ್ಕೆ ಒಳಪಟ್ಟಿದ್ದವು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡು, 1956ರಲ್ಲಿ ಈ ಭಾಗವೆಲ್ಲ ಮೈಸೂರು ರಾಜ್ಯಕ್ಕೆ ಸೇರಿತು.

ರೈಲ್ವೆಯ ಚರಿತ್ರೆಯನ್ನು ಈ ರಾಜಕೀಯ ಭೂಪಟದೊಡನೆ ಇಟ್ಟು ಓದಬೇಕು. 1876–78ರ ಭೀಕರ ಕ್ಷಾಮದಲ್ಲಿ ಆಗಿನ ಕಲಾದಗಿ ಜಿಲ್ಲೆ ತೀವ್ರವಾಗಿ ನಲುಗಿತು. ಹೊರಗಿನಿಂದ ಧಾನ್ಯ ತರಿಸಲು ಹಳಿಗಳಿಲ್ಲದ ಕೊರತೆ ಆಗ ಎದ್ದು ಕಂಡಿತು. ಕ್ಷಾಮ ನಿವಾರಣೆಯನ್ನೂ ಉದ್ದೇಶವಾಗಿರಿಸಿಕೊಂಡು ರೂಪುಗೊಂಡ ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಹೋಟಗಿ–ಗದಗ ಮೀಟರ್‌ಗೇಜ್ ಮಾರ್ಗವನ್ನು ವಿಜಾಪುರ, ಬಾಗಲಕೋಟೆಗಳ ಮೂಲಕ ನಿರ್ಮಿಸಿತು. ಅದೇ ದಶಕದ ಕೊನೆಯ ಭಾಗದಲ್ಲಿ ಪುಣೆ–ಮೀರಜ–ಬೆಳಗಾವಿ–ಲೋಂಡಾ ಮಾರ್ಗದ ಕೆಲಸ ನಡೆದು, ಕೃಷ್ಣೆಯ ದಂಡೆಯ ಕುಡಚಿಯು ರೈಲು ನಿಲ್ದಾಣವಾಯಿತು. 1908ರಲ್ಲಿ ಈ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ಕೂಡಿ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆ ಎನಿಸಿಕೊಂಡಿತು.

ಹೀಗೆ ಪೂರ್ವಕ್ಕೆ ಬಾಗಲಕೋಟೆ, ಪಶ್ಚಿಮಕ್ಕೆ ಕುಡಚಿ ಎಂಬ ಎರಡು ಬಾಗಿಲುಗಳು ತೆರೆದವು. ನಡುವಣ ನೆಲ ಹಳಿಯಿಲ್ಲದೆ ಉಳಿಯಿತು. ರಬಕವಿ-ಬನಹಟ್ಟಿ, ತೇರದಾಳಗಳ ಕಡೆಯವರಿಗೆ ಕುಡಚಿ ನಿಲ್ದಾಣವೂ, ಬೀಳಗಿಯ ಕಡೆಯವರಿಗೆ ಬಾಗಲಕೋಟೆ ಭಾಗದ ನಿಲ್ದಾಣಗಳೂ ಹತ್ತಿರದವಾದವು. ಈ ಎರಡನ್ನೂ ಜೋಡಿಸುವ ಸುಮಾರು 142 ಕಿ.ಮೀ. ಉದ್ದದ ಬಾಗಲಕೋಟೆ–ಕುಡಚಿ ಮಾರ್ಗಕ್ಕೆ 2010–11ರ ರೈಲ್ವೆ ಮುಂಗಡಪತ್ರದಲ್ಲಿ ಮಂಜೂರಾತಿ ದೊರೆಯಿತು. ಲೋಕಾಪುರ, ಮುಧೋಳ, ಜಮಖಂಡಿ, ತೇರದಾಳಗಳ ಕಡೆಯಿಂದ ಸಾಗುವ ಈ ಮಾರ್ಗದ ವೆಚ್ಚದಲ್ಲಿ ರಾಜ್ಯ ಸರ್ಕಾರದ ಪಾಲೂ ಇದೆ. ಬಾಗಲಕೋಟೆಯ ಕಡೆಯಿಂದ ಖಜ್ಜಿಡೋಣಿಯವರೆಗಿನ ಭಾಗ ಮೊದಲು ಸಿದ್ಧವಾಯಿತು. ಭೂಸ್ವಾಧೀನದ ತೊಡಕುಗಳಿಂದ ಉಳಿದ ಕಾಮಗಾರಿ ನಿಧಾನವಾಗಿ ಸಾಗಿ ಬಂದಿದೆ. ಕೈಮರಗಳ ಕಾಲ, ಟೋಕನ್ನುಗಳ ಕಾಲ ಎರಡನ್ನೂ ಕಾಣದೆಯೇ ಈ ಊರುಗಳು ವಿದ್ಯುನ್ಮಾನ ಸಂಜ್ಞೆಗಳ ಕಾಲಕ್ಕೆ ನೇರವಾಗಿ ಪ್ರವೇಶಿಸುತ್ತಿರುವುದು ಗಮನಾರ್ಹ.

2. ಸಂಜ್ಞೆಯ ತತ್ತ್ವ

ರೈಲು ಇತರ ವಾಹನಗಳಂತೆ ಪಕ್ಕಕ್ಕೆ ಸರಿಯಲಾರದು. ಕಣ್ಣಿಗೆ ಕಂಡ ದೂರದೊಳಗೆ ನಿಲ್ಲಲೂ ಆರದು. ಆದ್ದರಿಂದ ಎದುರಿಗೆ ಏನಿದೆ ಎಂಬುದನ್ನು ಅದಕ್ಕೆ ಮೊದಲೇ ತಿಳಿಸಬೇಕಾಗುತ್ತದೆ. ರೈಲ್ವೆಯ ಆರಂಭಕಾಲದಲ್ಲಿ ಇಂಗ್ಲೆಂಡಿನಲ್ಲಿ ಹಳಿಯ ಬದಿಗೆ ನಿಂತ ಕಾವಲುಗಾರರು ಕೈಸನ್ನೆ, ಬಾವುಟಗಳಿಂದ ಈ ಕೆಲಸ ಮಾಡುತ್ತಿದ್ದರು. ಒಂದು ಗಾಡಿ ಹೋಗಿ ಇಷ್ಟು ನಿಮಿಷಗಳಾದ ಮೇಲೆ ಮತ್ತೊಂದನ್ನು ಬಿಡುವುದು ಆಗಿನ ಕ್ರಮ. ಮುಂದಿನ ಗಾಡಿ ದಾರಿಯಲ್ಲಿ ಕೆಟ್ಟು ನಿಂತಿದ್ದರೆ ಈ ಕ್ರಮದಿಂದ ರಕ್ಷಣೆಯಿರಲಿಲ್ಲ. ಕಾಲದ ಅಂತರದ ಬದಲಿಗೆ ಸ್ಥಳದ ಅಂತರವನ್ನು ಕಾಯುವ ಬ್ಲಾಕ್ ಪದ್ಧತಿ ಬಂದುದು ಈ ಕಾರಣದಿಂದ. ಮಾರ್ಗವನ್ನು ಭಾಗಗಳಾಗಿ ವಿಂಗಡಿಸಿ, ಒಂದು ಭಾಗದಲ್ಲಿ ಒಂದು ಸಮಯಕ್ಕೆ ಒಂದೇ ಗಾಡಿ ಎಂಬ ಕಟ್ಟಳೆಯನ್ನು ವಿಧಿಸುವುದು ಇದರ ಸಾರ. 1889ರಲ್ಲಿ ಐರ್ಲೆಂಡಿನ ಆರ್ಮಾ ಎಂಬಲ್ಲಿ ನಡೆದ ದುರಂತದ ನಂತರ ಬ್ರಿಟನ್ನಿನಲ್ಲಿ ಇದು ಕಾನೂನಾಯಿತು.

ಭಾರತದ ಏಕಹಳಿ ಮಾರ್ಗಗಳಲ್ಲಿ ಈ ಕಟ್ಟಳೆಗೆ ಕೈಗೆ ಸಿಗುವ ರೂಪ ಕೊಟ್ಟದ್ದು ಟೋಕನ್. ನೀಲ್ಸ್ ಬಾಲ್ ಟೋಕನ್ ಎಂಬ ಯಂತ್ರದಿಂದ ಲೋಹದ ಗುಂಡೊಂದು ಹೊರಬಂದರೆ ಮಾತ್ರ ಚಾಲಕನಿಗೆ ಮುಂದಿನ ಭಾಗವನ್ನು ಪ್ರವೇಶಿಸುವ ಅಧಿಕಾರ. ಎರಡು ನಿಲ್ದಾಣಗಳ ಯಂತ್ರಗಳು ತಂತಿಯಿಂದ ಜೋಡಿಸಲ್ಪಟ್ಟಿದ್ದು, ಹೊರಬಂದ ಗುಂಡು ಮತ್ತೆ ಯಂತ್ರ ಸೇರುವವರೆಗೆ ಎರಡನೆಯ ಗುಂಡು ಎರಡೂ ಕಡೆ ಹೊರಬರುವಂತಿಲ್ಲ. ಚೀಲದಲ್ಲಿಟ್ಟ ಗುಂಡನ್ನು ಬಳೆಯಾಕಾರದ ಹಿಡಿಕೆಗೆ ಕಟ್ಟಿ, ಓಡುವ ಗಾಡಿಯ ಸಿಬ್ಬಂದಿಗೆ ದಾಟಿಸುವ ಕೌಶಲ ಒಂದು ತಲೆಮಾರಿನ ರೈಲ್ವೆ ನೌಕರರ ದೇಹದಲ್ಲಿ ನೆಲೆಸಿದ್ದ ವಿದ್ಯೆ.

ಸಂಜ್ಞೆಯ ಇತಿಹಾಸದಲ್ಲಿ ಇದಕ್ಕಿಂತಲೂ ಮಹತ್ವದ ತತ್ತ್ವ ಮತ್ತೊಂದಿದೆ. 1876ರಲ್ಲಿ ಇಂಗ್ಲೆಂಡಿನ ಆ್ಯಬಟ್ಸ್ ರಿಪ್ಟನ್ ಬಳಿ ಹಿಮ ತುಂಬಿಕೊಂಡು ಕೈಮರದ ತೋಳು ‘ದಾರಿ ತೆರವು’ ಎಂಬ ಸ್ಥಿತಿಯಲ್ಲೇ ಸಿಕ್ಕಿಹಾಕಿಕೊಂಡಿತು; ಗಾಡಿಗಳು ಡಿಕ್ಕಿಯಾದವು. ಅಲ್ಲಿಂದೀಚೆಗೆ ಕೈಮರದ ಸಹಜ ಸ್ಥಿತಿ ‘ನಿಲ್ಲು’ ಎಂದಾಯಿತು. ತಂತಿ ಎಳೆದಾಗ ಮಾತ್ರ ತೋಳು ‘ಹೊರಡು’ ಎನ್ನುತ್ತದೆ. ತಂತಿ ಹರಿದರೆ ಎದುರುತೂಕದ ಬಲದಿಂದ ತಾನಾಗಿ ಅಡ್ಡವಾಗುತ್ತದೆ. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್ಸನ್ ರೂಪಿಸಿದ ಹಳಿಯ ವಿದ್ಯುನ್ಮಂಡಲವೂ ಇದೇ ನೀತಿಯದು. ಹಳಿಯ ಮೂಲಕ ಹರಿಯುವ ವಿದ್ಯುತ್ತು ರಿಲೇಯನ್ನು ಎತ್ತಿ ಹಿಡಿದಿರುತ್ತದೆ. ಗಾಡಿಯ ಗಾಲಿಗಳು ಬಂದು ಎರಡು ಹಳಿಗಳನ್ನು ಜೋಡಿಸಿದರೂ, ಹಳಿ ಮುರಿದರೂ, ಬ್ಯಾಟರಿ ಬರಿದಾದರೂ ರಿಲೇ ಕೆಳಗೆ ಬಿದ್ದು ಸಂಜ್ಞೆ ಕೆಂಪಾಗುತ್ತದೆ. 1906ರಲ್ಲಿ ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆ ಆರಂಭಿಸಿದ ಸ್ವಯಂಚಾಲಿತ ಗಾಡಿ ನಿಯಂತ್ರಣದಲ್ಲಿ ಹಳಿಗಳ ನಡುವಿನ ಲೋಹದ ಇಳಿಜಾರು ಪಟ್ಟಿಯಲ್ಲಿ ವಿದ್ಯುತ್ತಿದ್ದರೆ ಎಂಜಿನ್ನಿನಲ್ಲಿ ಗಂಟೆ ಬಾರಿಸುತ್ತಿತ್ತು. ಇಲ್ಲದಿದ್ದರೆ ಎಚ್ಚರಿಕೆಯ ಸೀಟಿ ಊದುತ್ತಿತ್ತು. ಮೂರರಲ್ಲಿಯೂ ಕಾಣುವ ಸೂತ್ರ ಒಂದೇ: ಮುಂದೆ ಹೋಗಲು ಸಾಕ್ಷಿ ಬೇಕು, ನಿಲ್ಲಲು ಸಾಕ್ಷಿ ಬೇಕಿಲ್ಲ.

ಭಾರತೀಯ ರೈಲ್ವೆಯ ‘ಕವಚ’ ವ್ಯವಸ್ಥೆಯು ಈ ಸೂತ್ರದ ಇತ್ತೀಚಿನ ರೂಪ. ಹಳಿಯ ಮೇಲಿನ ಗುರುತುಪಟ್ಟಿಗಳಿಂದ ಎಂಜಿನ್ ತನ್ನ ಸ್ಥಾನವನ್ನು ಅರಿಯುತ್ತದೆ, ರೇಡಿಯೊ ಮೂಲಕ ಸಂಜ್ಞೆಯ ಸ್ಥಿತಿಯನ್ನು ಪಡೆಯುತ್ತದೆ, ಚಾಲಕ ಸಮಯಕ್ಕೆ ಬ್ರೇಕು ಹಾಕದಿದ್ದರೆ ತಾನೇ ಹಾಕುತ್ತದೆ. ಇದರ ಆರಂಭದ ಪ್ರಯೋಗಗಳು ನಡೆದ ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ ಮಾರ್ಗಗಳಲ್ಲಿ ಕರ್ನಾಟಕದ ನೆಲವೂ ಸೇರಿದೆ. 2016ರಲ್ಲಿ ಪ್ರಯಾಣಿಕರ ಗಾಡಿಗಳ ಮೇಲೆ ಪರೀಕ್ಷೆಗೊಳಗಾದ ಈ ವ್ಯವಸ್ಥೆಯನ್ನು 2020ರಲ್ಲಿ ರಾಷ್ಟ್ರೀಯ ವ್ಯವಸ್ಥೆಯಾಗಿ ಅಂಗೀಕರಿಸಲಾಯಿತು.

3. ಮಾದರಿಯಲ್ಲಿ ನಡಾವಳಿ

ಈ ಎಲ್ಲವನ್ನೂ ಮೇಜಿನ ಮೇಲೆ ತರುವುದು ಮಾದರಿ ರೈಲುಮಾರ್ಗ. ಪ್ರಚಲಿತವಿರುವ ಎಚ್‌ಒ ಪ್ರಮಾಣದಲ್ಲಿ ಮೂಲದ 87 ಅಳತೆಗೆ ಮಾದರಿಯ 1 ಅಳತೆ. ಇದರಲ್ಲಿ ಹಳಿಗಳ ನಡುವಿನ ಅಂತರ 16.5 ಮಿ.ಮೀ. ಇದು ಯುರೋಪಿನ 1435 ಮಿ.ಮೀ. ಹಳಿಗೆ ಸಲ್ಲುವ ಅಳತೆ. ಭಾರತದ 1676 ಮಿ.ಮೀ. ಬ್ರಾಡ್‌ಗೇಜನ್ನು ಇದೇ ಪ್ರಮಾಣದಲ್ಲಿ ಕಿರಿದಾಗಿಸಿದರೆ 19 ಮಿ.ಮೀ.ಗಿಂತ ತುಸು ಹೆಚ್ಚಾಗುತ್ತದೆ. ಮಾರುಕಟ್ಟೆಯ ಹಳಿಯನ್ನೇ ಬಳಸುವ ಭಾರತೀಯ ಮಾದರಿಕಾರ ಈ ವ್ಯತ್ಯಾಸವನ್ನು ಒಪ್ಪಿಕೊಂಡೇ ಕೆಲಸಕ್ಕೆ ತೊಡಗಬೇಕಾಗುತ್ತದೆ. ದೂರದ ವಿಷಯದಲ್ಲಿ ಹೊಂದಾಣಿಕೆ ಇನ್ನೂ ದೊಡ್ಡದು. 142 ಕಿ.ಮೀ. ಉದ್ದದ ಬಾಗಲಕೋಟೆ–ಕುಡಚಿ ಮಾರ್ಗವನ್ನು ಈ ಪ್ರಮಾಣದಲ್ಲಿ ಯಥಾವತ್ತಾಗಿ ಕಟ್ಟಿದರೆ 1,600 ಮೀಟರಿಗೂ ಮೀರುತ್ತದೆ. ಹೀಗಾಗಿ ಮಾದರಿಕಾರನು ದೂರವನ್ನು ಕುಗ್ಗಿಸುತ್ತಾನೆ, ಊರುಗಳನ್ನು ಬಿಡುತ್ತಾನೆ, ತಿರುವುಗಳನ್ನು ಬಿಗಿಗೊಳಿಸುತ್ತಾನೆ. ಅವನು ಕುಗ್ಗಿಸಲಾರದ್ದು ನಿಯಮವೊಂದನ್ನೇ. ಒಂದು ಬ್ಲಾಕಿನಲ್ಲಿ ಒಂದೇ ಗಾಡಿ ಎಂಬ ಕಟ್ಟಳೆಯನ್ನು 87ರಿಂದ ಭಾಗಿಸಲು ಬರುವುದಿಲ್ಲ.

ಸ್ವಯಂಚಾಲಿತ ಮಾದರಿಯ ಕಾರ್ಯವಿಧಾನ ಹೀಗಿದೆ. ಹಳಿಯನ್ನು ವಿದ್ಯುತ್ತಿನ ದೃಷ್ಟಿಯಿಂದ ಪ್ರತ್ಯೇಕವಾದ ಬ್ಲಾಕುಗಳಾಗಿ ತುಂಡರಿಸಲಾಗುತ್ತದೆ. ಬ್ಲಾಕಿನಲ್ಲಿ ಎಂಜಿನ್ ವಿದ್ಯುತ್ತು ಸೆಳೆಯುತ್ತಿದೆಯೇ ಎಂಬುದನ್ನು ಪತ್ತೆಮಾಡುವ ಉಪಕರಣವು ಅದು ತುಂಬಿದೆಯೋ ತೆರವಾಗಿದೆಯೋ ಎಂದು ತಿಳಿಸುತ್ತದೆ. ಸಂಜ್ಞೆಗೆ ಮುನ್ನ ವೇಗ ತಗ್ಗಿಸುವ ಸ್ಥಳ ಮತ್ತು ನಿಲ್ಲುವ ಸ್ಥಳಗಳನ್ನು ಗುರುತಿಸಲು ಅಯಸ್ಕಾಂತದ ಅಥವಾ ಬೆಳಕಿನ ಸಂವೇದಕಗಳನ್ನು ಇಡಲಾಗುತ್ತದೆ. ಸುತ್ತುವ ಒಂದೇ ಹಳಿಯಲ್ಲಿ ಗಾಡಿಗಳು ನಿರಂತರ ಸಾಗಬೇಕಾದರೆ ಗಾಡಿಗಳ ಸಂಖ್ಯೆಗಿಂತ ಕನಿಷ್ಠ ಒಂದು ಬ್ಲಾಕಾದರೂ ಹೆಚ್ಚಿರಬೇಕು; ಎಲ್ಲವೂ ತುಂಬಿದರೆ ಯಾವುದೂ ಕದಲದು. ಭಾರತದ ನಾಲ್ಕು ಬಣ್ಣಸ್ಥಿತಿಯ ದೀಪಸಂಜ್ಞೆಯನ್ನು ಅಳವಡಿಸಿದರೆ ಮುಂದಿನ ಒಂದು ಭಾಗ ತೆರವಿದ್ದಾಗ ಹಳದಿ, ಎರಡಿದ್ದಾಗ ಜೋಡಿ ಹಳದಿ, ಮೂರಿದ್ದಾಗ ಹಸಿರು ಬೆಳಗುತ್ತದೆ. ನಿಲ್ದಾಣದಲ್ಲಿ ಹಳಿ ಬದಲಿಸುವ ಪಾಯಿಂಟು ಸರಿಯಾಗಿ ಕೂಡಿಕೊಳ್ಳದ ಹೊರತು ಸಂಜ್ಞೆ ತೆರೆಯದಂತೆ ಪರಸ್ಪರ ಬಂಧಿಸಲಾಗುತ್ತದೆ. ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ 1856ರಲ್ಲಿ ಹಕ್ಕುಪತ್ರ ಪಡೆದ ಇಂಟರ್‌ಲಾಕಿಂಗ್ ತತ್ತ್ವವೇ ಇದು.

ಇಂತಹ ಮಾದರಿಗಳು ಕೇವಲ ವಿನೋದದ ಸಾಮಗ್ರಿಗಳಾಗಿ ಉಳಿದಿಲ್ಲ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ 1946ರಲ್ಲಿ ಆರಂಭವಾದ ಮಾದರಿ ರೈಲು ಸಂಘದ ಸದಸ್ಯರು ದೂರವಾಣಿಯ ರಿಲೇಗಳಿಂದ ನಿಯಂತ್ರಣ ವ್ಯವಸ್ಥೆ ಕಟ್ಟಿದರು. ಗಣಕಯಂತ್ರದ ಆರಂಭಕಾಲದ ಪ್ರೋಗ್ರಾಂ ಬರಹಗಾರರಲ್ಲಿ ಕೆಲವರು ಅಲ್ಲಿಂದಲೇ ಬಂದವರು. ರೈಲ್ವೆಯ ತರಬೇತಿ ಕೇಂದ್ರಗಳಲ್ಲಿಯೂ ನಿಲ್ದಾಣಾಧಿಕಾರಿಗಳಿಗೆ ಗಾಡಿ ನಡೆಸುವ ನಿಯಮಗಳನ್ನು ಕಲಿಸಲು ಮಾದರಿ ಕೊಠಡಿಗಳನ್ನು ಬಳಸುವ ಪರಂಪರೆಯಿದೆ. ಸಣ್ಣ ಹಳಿಯ ಮೇಲೆ ತಪ್ಪಿದವನು ದೊಡ್ಡ ಹಳಿಯ ಮೇಲೆ ತಪ್ಪಲಾರ ಎಂಬುದು ಅದರ ಹಿಂದಿನ ನಂಬಿಕೆ.

4. ಮಗ್ಗದೊಳಗಿನ ಸಂಜ್ಞೆ

ರಬಕವಿ-ಬನಹಟ್ಟಿಗಳು ನೇಕಾರಿಕೆಗೆ ಹೆಸರಾದ ಜೋಡಿ ಊರುಗಳು. ಇಳಕಲ್ ಮಾದರಿಯ ಸೀರೆಗಳೂ ಇಲ್ಲಿ ತಯಾರಾಗುತ್ತವೆ. ಕೈಮಗ್ಗದಲ್ಲಿ ಎಳೆ ಹರಿದುದನ್ನು ಅರಿಯುವುದು ನೇಕಾರನ ಕಣ್ಣು, ಮಗ್ಗ ನಿಲ್ಲಿಸುವುದು ಅವನ ಕೈ. ಹಳಿಯ ಬದಿಗೆ ಬಾವುಟ ಹಿಡಿದು ನಿಂತ ಕಾವಲುಗಾರನ ಸ್ಥಿತಿಯೂ ಇಂತಹದೇ. ವಿದ್ಯುತ್ ಮಗ್ಗ ಬಂದಾಗ ಒಬ್ಬನೇ ನೇಕಾರ ಒಂದಕ್ಕಿಂತ ಹೆಚ್ಚು ಮಗ್ಗಗಳನ್ನು ನೋಡಿಕೊಳ್ಳಬೇಕಾಯಿತು. ಆಗ ಅವನ ಕಣ್ಣಿನ ಕೆಲಸವನ್ನು ಮಗ್ಗವೇ ವಹಿಸಿಕೊಂಡಿತು.

ಸಾದಾ ಲಾಳಿ ಮಗ್ಗದಲ್ಲಿ ಹೊಕ್ಕಿನ ಎಳೆಯನ್ನು ಕಾಯುವ ಕವಲುಗಡ್ಡಿಯೊಂದಿರುತ್ತದೆ. ಹಣಿಗೆ ಮುಂದೆ ಬಂದಾಗ ಅದರೊಡನೆ ಬಂದ ಹೊಕ್ಕಿನ ಎಳೆ ಈ ಗಡ್ಡಿಯನ್ನು ಒತ್ತಿ ವಾಲಿಸುತ್ತದೆ. ಗಡ್ಡಿಯ ಬಾಲ ಮೇಲೆದ್ದು ಕೆಳಗಿನ ಕೊಕ್ಕೆಯಿಂದ ತಪ್ಪಿಸಿಕೊಳ್ಳುತ್ತದೆ, ಮಗ್ಗ ನಡೆಯುತ್ತದೆ. ಎಳೆ ಹರಿದಿದ್ದರೆ ಅಥವಾ ಲಾಳಿಯೊಳಗಿನ ನೂಲು ಮುಗಿದಿದ್ದರೆ ಗಡ್ಡಿ ವಾಲುವುದಿಲ್ಲ. ಅದರ ಬಾಲ ಕೊಕ್ಕೆಗೆ ಸಿಕ್ಕಿ ಮಗ್ಗ ನಿಂತುಬಿಡುತ್ತದೆ. ಇಲ್ಲಿ ಮಗ್ಗವನ್ನು ನಿಲ್ಲಿಸುವುದು ಯಾವುದೋ ಘಟನೆಯಲ್ಲ, ಸಾಕ್ಷಿಯ ಅಭಾವ. ರಾಬಿನ್ಸನ್ನನ ವಿದ್ಯುನ್ಮಂಡಲದಲ್ಲಿ ಹರಿಯುವ ವಿದ್ಯುತ್ತಿಗೆ ಯಾವ ಸ್ಥಾನವೋ ಮಗ್ಗದಲ್ಲಿ ಹೊಕ್ಕಿನ ಎಳೆಗೆ ಅದೇ ಸ್ಥಾನ.

ಲಾಳಿಯ ವಿಷಯದಲ್ಲಿ ಹೋಲಿಕೆ ಇನ್ನಷ್ಟು ನಿಕಟವಾಗುತ್ತದೆ. ಬಿಗಿ ಹಣಿಗೆಯ ಮಗ್ಗದಲ್ಲಿ ಲಾಳಿಯು ಈ ಬದಿಯ ಪೆಟ್ಟಿಗೆಯಿಂದ ಹೊರಟು ಆ ಬದಿಯ ಪೆಟ್ಟಿಗೆಯನ್ನು ಸೇರಿ, ಅಲ್ಲಿನ ಒತ್ತುಪಟ್ಟಿಯನ್ನು ತಳ್ಳಬೇಕು. ಹಾಗೆ ತಳ್ಳಿದಾಗ ಮಾತ್ರ ತಡೆಯುವ ಚಾಚು ಮೇಲೆದ್ದು ಹಣಿಗೆಗೆ ದಾರಿ ಬಿಡುತ್ತದೆ. ಲಾಳಿ ಹಾಸಿನ ನಡುವೆಯೇ ಸಿಕ್ಕಿಕೊಂಡರೆ ಚಾಚು ಏಳದೆ ಮಗ್ಗ ತಟ್ಟನೆ ನಿಲ್ಲುತ್ತದೆ. ಹಾಸಿನ ನೂರಾರು ಎಳೆಗಳು ಉಳಿಯುತ್ತವೆ. ಹೋದ ಲಾಳಿ ತಲುಪಿದುದು ಖಚಿತವಾಗದೆ ಮುಂದಿನ ಹೆಜ್ಜೆಯಿಲ್ಲ. ಹೋದ ಗಾಡಿಯ ಟೋಕನ್ ಎದುರು ನಿಲ್ದಾಣದ ಯಂತ್ರ ಸೇರದೆ ಮತ್ತೊಂದು ಗಾಡಿಯಿಲ್ಲ ಎಂಬ ಕಟ್ಟಳೆಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ವಿನ್ಯಾಸ ಮೂಡಿಸುವ ಜಕಾರ್ಡ್ ಯಂತ್ರದ ರಂಧ್ರಪಟ್ಟಿಗಳನ್ನು ಈ ಸಾಲಿಗೆ ಸೇರಿಸಬಹುದು. 1804ರಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಈ ಸಾಧನದಲ್ಲಿ ರಂಧ್ರವಿದ್ದೆಡೆ ಎಳೆ ಏಳುತ್ತದೆ, ಇಲ್ಲದೆಡೆ ಏಳುವುದಿಲ್ಲ. ಲಿಖಿತ ಆದೇಶವನ್ನು ಯಂತ್ರ ಓದಿ ನಡೆಯುವ ಕ್ರಮ ನೇಯ್ಗೆಯ ಊರುಗಳಿಗೆ ಗಣಕಯಂತ್ರಕ್ಕೂ ಮೊದಲೇ ಪರಿಚಿತವಾಗಿತ್ತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಗ್ಗದಿಂದ ರೈಲು ಸಂಜ್ಞೆ ಹುಟ್ಟಿತೆಂದಾಗಲಿ, ಸಂಜ್ಞೆಯಿಂದ ಮಗ್ಗ ಕಲಿಯಿತೆಂದಾಗಲಿ ಹೇಳುವುದು ಈ ಹೋಲಿಕೆಯ ಉದ್ದೇಶವಲ್ಲ. ಈ ಯಂತ್ರಭಾಗಗಳು ಬೇರೆ ನೆಲದಲ್ಲಿ ರೂಪುಗೊಂಡು ಇಲ್ಲಿಗೆ ಬಂದವು. ಆದರೆ ಅವುಗಳನ್ನು ಹದಗೊಳಿಸುವ, ಶಬ್ದದಿಂದಲೇ ದೋಷ ಗುರುತಿಸುವ ತಿಳಿವಳಿಕೆ ಈ ನೆಲದ್ದು. ರೈಲು ಬಾರದ ಊರು ಯಂತ್ರಜ್ಞಾನದಲ್ಲಿ ಹಿಂದುಳಿದ ಊರು ಎಂಬ ಸುಲಭ ತೀರ್ಮಾನವನ್ನು ಈ ತಿಳಿವಳಿಕೆ ಪ್ರಶ್ನಿಸುತ್ತದೆ. ಮಗ್ಗದ ಹದ ಬಲ್ಲ ಹಿರಿಯ ನೇಕಾರನಿಗೆ ರೈಲು ಸಂಜ್ಞೆಯ ಮೂಲತತ್ತ್ವವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಅವನಿಗೆ ತಿಳಿದಿರುವುದಕ್ಕೆ ಮತ್ತೊಂದು ಉದಾಹರಣೆ ತೋರಿಸಿದರೆ ಸಾಕು.

5. ಸಂಗ್ರಹಾಲಯ ಮತ್ತು ಉಳಿಯಬೇಕಾದುದು

ಕರ್ನಾಟಕದಲ್ಲಿ ರೈಲ್ವೆ ಪರಂಪರೆಯ ಸಂರಕ್ಷಣೆಗೆ ಮೈಸೂರಿನ ರೈಲು ವಸ್ತುಸಂಗ್ರಹಾಲಯವು 1979ರಲ್ಲಿ ನಾಂದಿ ಹಾಡಿತು. 2020ರ ಆಗಸ್ಟ್‌ನಲ್ಲಿ ಹುಬ್ಬಳ್ಳಿಯಲ್ಲಿ ಉತ್ತರ ಕರ್ನಾಟಕದ ಮೊದಲ ರೈಲು ವಸ್ತುಸಂಗ್ರಹಾಲಯ ಆರಂಭವಾಯಿತು. ಅಲ್ಲಿ ನವೀಕರಿಸಿದ ಎರಡು ಹಳೆಯ ಕಟ್ಟಡಗಳಿಗೆ ‘ಘಟಪ್ರಭಾ’, ‘ಮಲಪ್ರಭಾ’ ಎಂಬ ಹೆಸರುಗಳಿವೆ. ನ್ಯಾರೋಗೇಜ್ ಎಂಜಿನ್ನುಗಳು, ಟಿಕೆಟ್ ಮುದ್ರಣ ಯಂತ್ರಗಳೊಡನೆ ಓಡುವ ಮಾದರಿ ರೈಲನ್ನೂ ಪ್ರದರ್ಶನದ ಅಂಗವಾಗಿ ಯೋಜಿಸಲಾಯಿತು. ಮುಧೋಳದ ಬದಿಗೆ ಹರಿಯುವ ನದಿಯ ಹೆಸರು ಹೊತ್ತ ಕಟ್ಟಡ ಅಲ್ಲಿರುವುದು ಈ ಪ್ರದೇಶದ ಸಂಶೋಧಕರ ಗಮನ ಸೆಳೆಯದಿರದು. ನೆರೆಯ ಪುಣೆಯಲ್ಲಿ ಭಾವು ಜೋಶಿಯವರು 1998ರಲ್ಲಿ ತೆರೆದ ಕಿರು ರೈಲ್ವೆ ಸಂಗ್ರಹಾಲಯವು ಒಂದು ಹೆಜ್ಜೆ ಮುಂದೆ ಹೋಗಿ, ಅನೇಕ ಬಗೆಯ ಗಾಡಿಗಳು ಸಂಜ್ಞೆಗಳ ನಡುವೆ ಸ್ವಯಂಚಾಲಿತವಾಗಿ ಸಾಗುವ ಇಡೀ ನಗರದ ಮಾದರಿಯನ್ನು ಜನರ ಮುಂದಿಟ್ಟಿತು.

ಸಂಗ್ರಹಾಲಯಗಳು ಎದುರಿಸುವ ಮೂಲಭೂತ ಸಮಸ್ಯೆ ಜಾನಪದಕ್ಕೆ ಚಿರಪರಿಚಿತವಾದುದು. ಗೋಡೆಗೆ ತೂಗುಹಾಕಿದ ಚೌಡಿಕೆ ನುಡಿಯುವುದಿಲ್ಲ. ಲೋಕಾಪುರ–ಕುಲಗೋಡು ಸೀಮೆಯ ಶ್ರೀಕೃಷ್ಣ ಪಾರಿಜಾತದ ಪಠ್ಯ ಅಚ್ಚಾದ ಮಾತ್ರಕ್ಕೆ ಅದರ ಆಟ ಉಳಿಯುವುದಿಲ್ಲ. ಅದೇ ರೀತಿ ಅಂಗಳದಲ್ಲಿ ನೆಟ್ಟ ಕೈಮರವು ತನ್ನ ರೂಪವನ್ನು ಮಾತ್ರ ಹೇಳುತ್ತದೆ. ತಂತಿ ಹರಿದರೆ ತಾನು ಅಡ್ಡವಾಗುತ್ತೇನೆ ಎಂಬ ಅದರ ಮುಖ್ಯ ಗುಣ ನೋಡುಗನಿಗೆ ತಿಳಿಯುವುದಿಲ್ಲ. ಗಾಜಿನೊಳಗಿನ ಟೋಕನ್ ಯಂತ್ರ ಎರಡನೆಯ ಗುಂಡನ್ನು ನಿರಾಕರಿಸುವ ಕ್ಷಣವನ್ನು ತೋರಿಸಲಾರದು. ನಡಾವಳಿಯ ಮಾದರಿಯಿಂದ ಮಾತ್ರ ಇದು ಸಾಧ್ಯ. ಅಲ್ಲಿ ವಿದ್ಯಾರ್ಥಿಯೊಬ್ಬ ತಂತಿ ಕಿತ್ತು ನೋಡಬಹುದು, ತುಂಬಿದ ಬ್ಲಾಕಿಗೆ ಗಾಡಿ ಕಳುಹಿಸಲು ಯತ್ನಿಸಿ ಸೋಲಬಹುದು. ಹಾಗೆ ಸೋತಾಗ ನಿಯಮವು ಅವನಿಗೆ ಪ್ರತ್ಯಕ್ಷವಾಗುತ್ತದೆ.

ಮಗ್ಗದ ವಿಷಯದಲ್ಲಿ ಕಾಲ ಇನ್ನೂ ಸಂಪೂರ್ಣವಾಗಿ ಮೀರಿಲ್ಲ. ಲಾಳಿ ಮಗ್ಗವನ್ನು ಬಲ್ಲ ನೇಕಾರರೂ ಅದನ್ನು ದುರಸ್ತಿ ಮಾಡುವವರೂ ಈ ಭಾಗದಲ್ಲಿದ್ದಾರೆ. ಲಾಳಿಯೇ ಇಲ್ಲದ ಹೊಸ ಮಗ್ಗಗಳು ಬಂದಂತೆ ಹಳೆಯವು ಗುಜರಿ ಸೇರುತ್ತವೆ. ಮಗ್ಗದೊಡನೆ ಅದರ ಬಿಡಿಭಾಗಗಳಿಗೆ ನೇಕಾರರು ಇಟ್ಟ ಕನ್ನಡ ಹೆಸರುಗಳೂ ಹೋಗುತ್ತವೆ. ಕವಲುಗಡ್ಡಿ, ಒತ್ತುಪಟ್ಟಿ, ಚಾಚುಗಳಂತಹ ವಿವರಣಾತ್ಮಕ ಪದಗಳನ್ನು ಲೇಖಕರು ರೂಪಿಸಿಕೊಳ್ಳಬಹುದು. ಕೆಲಸದ ನಡುವೆ ಹುಟ್ಟಿ ಬಾಯಿಂದ ಬಾಯಿಗೆ ಬಂದ ಪದಗಳನ್ನು ಹೀಗೆ ಮರಳಿ ರೂಪಿಸಲಾಗದು. ಆದ್ದರಿಂದ ಮಗ್ಗದ ಬಿಡಿಭಾಗಗಳ ಪದಕೋಶ, ಎಳೆ ಹರಿದಾಗ ಮಗ್ಗ ನಿಲ್ಲುವ ಕ್ರಿಯೆಯ ಚಿತ್ರೀಕರಣ, ಹದಗೊಳಿಸುವವರ ಹೇಳಿಕೆಗಳ ಧ್ವನಿಮುದ್ರಣ ಇವು ಆದ್ಯತೆಯ ಕಾರ್ಯಗಳಾಗಬೇಕು. ಕುಡಚಿ ಹಾಗೂ ಬಾಗಲಕೋಟೆ ಮಾರ್ಗಗಳಲ್ಲಿ ಟೋಕನ್ ಕಾಲದಲ್ಲಿ ದುಡಿದು ನಿವೃತ್ತರಾದ ರೈಲ್ವೆ ನೌಕರರ ವೃತ್ತಿಸ್ಮೃತಿಗಳನ್ನೂ ಇದರೊಡನೆ ದಾಖಲಿಸಬೇಕು.

ಬಾಗಲಕೋಟೆ–ಕುಡಚಿ ಮಾರ್ಗವು ಪೂರ್ಣಗೊಂಡಾಗ ಆ ಊರುಗಳಲ್ಲಿ ಅದರ ಕಾರ್ಯನಿರತ ಮಾದರಿಯೊಂದನ್ನು ಸ್ಥಾಪಿಸುವುದು ವಿಶ್ವವಿದ್ಯಾಲಯಗಳಿಗೂ ಅಕಾಡೆಮಿಗಳಿಗೂ ಅಸಾಧ್ಯವಾದ ಕೆಲಸವಲ್ಲ. ಒಂದು ಬದಿಯಲ್ಲಿ ಕೈಮರ ಮತ್ತು ಟೋಕನ್, ಮತ್ತೊಂದು ಬದಿಯಲ್ಲಿ ದೀಪಸಂಜ್ಞೆ ಮತ್ತು ಸ್ವಯಂಚಾಲಿತ ನಿಯಂತ್ರಣ, ಅವುಗಳ ಪಕ್ಕದಲ್ಲಿ ನಡೆಯುವ ಸ್ಥಿತಿಯಲ್ಲಿರುವ ಒಂದು ಲಾಳಿ ಮಗ್ಗ ಇರಬೇಕು. ಎಳೆಯೊಂದನ್ನು ಕತ್ತರಿಸಿ ಮಗ್ಗ ನಿಲ್ಲುವುದನ್ನೂ, ತಂತಿಯೊಂದನ್ನು ಕಿತ್ತು ಗಾಡಿ ನಿಲ್ಲುವುದನ್ನೂ ಬನಹಟ್ಟಿಯ ಮಗುವೊಂದು ಒಂದೇ ಕೋಣೆಯಲ್ಲಿ ನೋಡುವಂತಾದರೆ, ತನ್ನ ಮನೆಯ ಕಸುಬಿನೊಳಗೆ ಎಂತಹ ವಿದ್ಯೆಯಿತ್ತೆಂಬುದನ್ನು ಅದು ಅರಿಯಬಲ್ಲದು.